ಅಕ್ಕನ ಸೋಮವಾರವೂ ಯಹೂದಿಗಳ ಕಾರಣಗಳೂ

ಕೆಲವರಿಗೆ ಉಗುರು ಕಚ್ಚುವ ಚಟವಿರುವಂತೆ ನನಗೆ ‘ಯಾಕೆ?’ ಎಂದು ಕೇಳುವ ಚಟ. ಸಂಜೆ ಕಸ ಗುಡಿಸಬಾರದೇಕೆ ಎಂದು ಕೇಳಿ ನಮ್ಮ ಜಹೀರಾಬಾದಿನ ಮನೆಯಲ್ಲಿ ಬೈಸಿಕೊಳ್ಳುತ್ತಲೇ ಬೆಳೆದ ನಾನು, ಮುಂದೆ ಪುಸ್ತಕಗಳಲ್ಲಿ ಯಹೂದಿ ಪಂಡಿತರ ಸಹವಾಸಕ್ಕೆ ಬಿದ್ದೆ. ಪಾಪ, ಅವರಿಗೂ ಶತಮಾನಗಳಿಂದ ಇದೇ ತುರಿಕೆ. ಉಣ್ಣೆಯನ್ನೂ ಅಗಸೆನಾರನ್ನೂ ಬೆರೆಸಿ ಉಡಬೇಡ, ಗೂಡಿಗೆ ಕೈಹಾಕುವ ಮುನ್ನ ತಾಯಿಹಕ್ಕಿಯನ್ನು ಹಾರಿಬಿಡು ಎಂದು ಅವರ ದೇವರು ವಿಧಿಸಿದ, ಯಾಕೆಂದು ಹೇಳಲಿಲ್ಲ. ತಾಯಿಯ ಮೇಲಿನ ಕರುಣೆಗಾಗಿ ಎಂದು ಒಬ್ಬರೆಂದರೆ, ಅಪ್ಪಣೆ ಅಪ್ಪಣೆಯೇ, ಕಾರಣ ಕೆದಕಬೇಡ ಎಂದು ಇನ್ನೊಬ್ಬರು ಗದರಿದರು.

ತೆಲಂಗಾಣ ಚಳವಳಿ ಕಾವೇರಿದ್ದ ಒಂದು ಸೋಮವಾರ, ಅಕ್ಕ ಶಾಂತಾಬಾಯಿಯನ್ನು ಸೇಡಂನಲ್ಲಿದ್ದ ಅವಳ ಮಗಳ ಮನೆಗೆ ಬಿಡಲು ಹೊರಟವನು ತಾಂಡೂರು ಸ್ಟೇಷನ್ನಿನಲ್ಲಿ ಸಿಕ್ಕಿಬಿದ್ದೆ. ಚಳವಳಿಗಾರರು ಹಳಿಯ ಮೇಲೆಯೇ ಒಲೆ ಹೂಡಿ ಅಡುಗೆಗೆ ಕುಳಿತಿದ್ದರು. ರೈಲಿಲ್ಲ, ಬಸ್ಸಿಲ್ಲ, ಅಂಗಡಿಗಳೆಲ್ಲ ಬಂದ್. ಸಕ್ಕರೆ ಕಾಯಿಲೆಯ ಅಕ್ಕ ಮುಂಜಾನೆ ಗುಳಿಗೆಯನ್ನೇನೋ ನುಂಗಿದ್ದಳು; ಆದರೆ ಸೋಮವಾರ ಸಂಜೆಯವರೆಗೆ ಅನ್ನ ಮುಟ್ಟಳು. ಮಧ್ಯಾಹ್ನದ ಹೊತ್ತಿಗೆ ಅವಳ ಕೈ ನಡುಗತೊಡಗಿತು, ಹಣೆ ಬೆವರಿತು. ನಾನು ಪ್ಲಾಟ್‌ಫಾರ್ಮಿನುದ್ದಕ್ಕೂ ಚಡಪಡಿಸಿದೆ.

“ಉಪವಾಸ ಹೊಟ್ಟಿಗಿ ಆರಾಮ ಸಿಗಲಿ ಅಂತ ಮಾಡ್ಯಾರಕ್ಕಾ. ನಿನಗ ಅದೇ ವಿಷ ಆಗ್ಯಾದ,” ಎಂದೆ.

“ಕಾರಣ ತಿಳೀತಂದ್ರ ಬಿಡಾಕ ದಾರಿ ಸಿಗತದ. ಸುಮ್ಮ ಕೂಡು ತಮ್ಮಾ,” ಎಂದಳು.

ಯಹೂದಿ ಪಂಡಿತರ ಅಂಜಿಕೆಯೂ ಇದೇ: ಕಾರಣ ಬಲ್ಲ ತನಗೆ ವಿಧಿಯ ಹಂಗಿಲ್ಲವೆಂದು ಬೀಗಿ ಎಡವಿದ ರಾಜನ ಕಥೆ ಅವರಲ್ಲಿದೆ. ಆದರೆ ಜೀವ ಉಳಿಸಲು ಹೆಚ್ಚುಕಡಿಮೆ ಎಲ್ಲ ವಿಧಿಗಳನ್ನೂ ಮೀರಬಹುದೆಂದವರೂ ಅವರೇ. ಅದನ್ನೂ ಅಕ್ಕನಿಗೆ ಹೇಳಿದೆ. ಅವಳು ಬೆಂಚಿಗೆ ಒರಗಿ ಕಣ್ಣು ಮುಚ್ಚಿದಳು.

ನಾನು ಹಳಿಯ ಕಡೆ ಓಡಿದೆ. ಬಡಿಸುತ್ತಿದ್ದ ಹೆಂಗಸೊಬ್ಬಳು ನನ್ನ ಮಾತು ಮುಗಿಯುವ ಮೊದಲೇ ಬೆಲ್ಲದ ತುಂಡು, ಅನ್ನ, ಬೇಳೆಯ ಪಪ್ಪು ತಟ್ಟೆಗೆ ಹಾಕಿಕೊಂಡು ಬಂದಳು. ಅಕ್ಕನ ಮಗ್ಗುಲಲ್ಲಿ ಕುಳಿತು ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಕಣ್ಣು ತೆರೆದು ಅವಳನ್ನೇ ನೋಡಿ, ಬೆಲ್ಲ ಬಾಯಿಗಿಟ್ಟುಕೊಂಡಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು.

ಸಂಜೆ ರೈಲು ಕದಲಿದಾಗ, ಗೆದ್ದ ವಕೀಲನ ಉಬ್ಬಿನಲ್ಲಿ ಕೇಳಿದೆ: “ಅಂತೂ ಜೀವಾನೇ ದೊಡ್ಡದು ಅಂತ ಒಪ್ಪಿದೆಲ್ಲ?”

“ನಿನ್ನ ಮಾತು ಯಾರು ಕೇಳ್ಯಾರೋ? ಮುಂಜಾನಿಂದ ಆಕಿನೂ ಉಂಡಿದ್ದಿಲ್ಲಂತ. ನೀವು ಉಣ್ಣಾತನಕ ನಾನೂ ಉಣ್ಣಂಗಿಲ್ಲ ಅಂತ ಹಟ ಹಿಡದಳು,” ಎಂದ ಅಕ್ಕ, ಕಿಟಕಿಯತ್ತ ತಿರುಗಿ ಮೆಲ್ಲಗೆ ಸೇರಿಸಿದಳು: “ಬಸರಿ ಹೆಂಗಸು. ಅಷ್ಟೂ ಕಾಣಲಿಲ್ಲೇನು ನಿನಗ?”

ನನಗೆ ಕಂಡಿರಲಿಲ್ಲ.