ಅಕ್ಷರದ ಮೇಲಿನ ಛಪ್ಪರ

ಕೋವಿಡ್ ಮುಗಿದು ಶಾಲೆಗಳು ಮತ್ತೆ ತೆರೆದ ಮರುವರ್ಷ. ಕಾಗವಾಡ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಶಿಕ್ಷಕಿ. ದ್ರಾಕ್ಷಿ ತೋಟದ ಕೂಲಿಯವರ ಮಗಳು. ನಮ್ಮ ಮನೆತನದಲ್ಲಿ ಪದವಿ ಮುಗಿಸಿದ ಮೊದಲನೆಯವಳು. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ನನ್ನ ಕರ್ಸಿವ್ ಬರಹವನ್ನು, ಅಂದರೆ ಪೆನ್ನು ಎತ್ತದೆ ಅಕ್ಷರ ಕೂಡಿಸಿ ಬರೆದದ್ದನ್ನು, ಮೊದಲ ಸಲ ನೋಡಿದಾಗ ಅವ್ವ "ಮಲ್ಲಿಗಿ ಪೋಣಿಸಿದಂಗ ಐತಿ" ಎಂದಿದ್ದಳು. ಓದು ಬಾರದವರು ಓದಿದವರನ್ನು ಅಳೆಯುವುದು ನಮ್ಮ ಕಡೆ ಹೀಗೆಯೇ. ಬಿಡಿ ಅಕ್ಷರವೆಂದರೆ ಹೆಬ್ಬೆಟ್ಟಿನ ತಮ್ಮ. ಕೂಡಿಸಿ ಬರೆದವನೇ ಶಾಣ್ಯಾ.

ಆ ವರ್ಷ ಒಂಬತ್ತನೆಯ ತರಗತಿಯಲ್ಲಿ ಕೂಡಿಸಿ ಬರೆಯುವವರು ಒಬ್ಬರೂ ಇರಲಿಲ್ಲ. ಪರೀಕ್ಷೆ ಕರ್ಸಿವ್ ಕೇಳುವುದಿಲ್ಲ. ನಾಲ್ಕು ಗೆರೆಯ ಪುಸ್ತಕ ತಾನಾಗಿಯೇ ನಿಂತುಹೋಗಿತ್ತು.

ಸಾರಿಕಾ ಆ ತರಗತಿಯ ಹುಡುಗಿ. ತಾಯಿ ಶೋಭಾ ಗಡಿಯಾಚೆಯ ಮರಾಠಿ ಊರಿನವಳು, ಹತ್ತನೆಯ ಪಾಸು. ಗಂಡ ಬಿಟ್ಟುಹೋದ ಮೇಲೆ ಕಬ್ಬು ಕಡಿಯಲು ಹೋಗುತ್ತಿದ್ದಳು. ಅಲ್ಲೇ ಹಾವು ಕಚ್ಚಿ ತೀರಿಕೊಂಡಳು. ಹುಡುಗಿಯನ್ನು ಸಾಕುತ್ತಿದ್ದವಳು ಶೋಭಾಳ ತಂಗಿ ಸುಮನ, ಶಾಲೆಯ ಮೆಟ್ಟಿಲು ಹತ್ತದವಳು.

ಒಂದು ದಿನ ಸುಮನ ಸ್ಟಾಫ್ ರೂಮಿಗೆ ಬಂದಳು. "ಟೀಚರ್, ಸಾಲಿ ಬಿಡಿಸ್ತೀನ್ರಿ. ನಿಪ್ಪಾಣ್ಯಾಗ ನಮ್ಮ ನಾದಿನಿ ಬೀಡಿ ಕಟ್ಟಾಕ ಹೋಗ್ತಾಳ. ಕೂಸು ನೋಡವ್ರು ಬೇಕು."

ಹುಡುಗಿ ಚೆನ್ನಾಗಿ ಓದುತ್ತಾಳೆ ಎಂದೆ. ಸುಮನ ಸಾರಿಕಾಳ ಬರೆಯುವ ವಹಿ ತೆಗೆದು ಮೇಜಿನ ಮೇಲೆ ಇಟ್ಟಳು. "ಏನ್ ಛಲೋ? ಒಂಬತ್ತನೇತ್ತಾ ಬಂದ್ರೂ ಬಾಲವಾಡಿ ಅಕ್ಷರ! ಒಂದರ ಮುಖಾ ಒಂದು ನೋಡದ ಸವತ್ಯಾರಂಗ ಕುಂತಾವು."

"ಈಗ ಕೂಡಿಸಿ ಬರ್ಯೂದು ಬೇಕಾಗಿಲ್ಲವ್ವಾ."

ವಹಿಯಲ್ಲಿ ನಾನು ಬರೆದಿದ್ದ ಷರಾದ ಮೇಲೆ ಬೆರಳಿಟ್ಟು ಕೇಳಿದಳು: "ಹಂಗಾದ್ರ ನಿಮ್ದ್ಯಾಕ ಕೂಡೇತ್ರಿ?"

ನನಗೆ ಛಲ ಬಂತು. "ದೀಪಾವಳಿತನಕ ತಡಿ. ಕಲಿಸಿ ತೋರಿಸ್ತೀನಿ. ಆಮ್ಯಾಲ ಬಿಡಿಸಂಗಿಲ್ಲ."

"ನೋಡೂಣಂತ" ಎಂದು ಹೋದಳು.

ಅಂದೇ ಸಂಜೆ ಸಾರಿಕಾಳನ್ನು ಕೂರಿಸಿಕೊಂಡು, ನಿನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಡಿಸಿ ಬರೆ ಎಂದೆ. ಅಕ್ಷರಗಳನ್ನು ಬಿಡಿಬಿಡಿಯಾಗಿಯೇ ಬರೆದು, ಮರಾಠಿಯಲ್ಲಿ ಎಳೆಯುವಂತೆ ಎಲ್ಲದರ ತಲೆಯ ಮೇಲೆ ಒಂದು ಉದ್ದ ಗೆರೆ ಎಳೆದಳು. "ಕೂಡಿದ್ವಲ್ರೀ ಟೀಚರ್?"

ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. "ಅವ್ವ ಹೇಳ್ತಿದ್ಲರಿ, 'ಅಕ್ಷರಾವರ ಛಪ್ಪರ ಘಾಲ, ಬಾಳಾ.' ಮ್ಯಾಲ ಛಪ್ಪರ ಹಾಕಲಿಲ್ಲಂದ್ರ ಅಕ್ಷರ ತೊಯ್ತಾವಂತ."

ಗೆರೆ ಅಳಿಸು ಎನ್ನಲು ನನಗೆ ಬಾಯಿ ಬರಲಿಲ್ಲ. ಕೆಳಗೆ ಅಕ್ಷರದಿಂದ ಅಕ್ಷರಕ್ಕೆ ಹೇಗೆ ಸಾಗಬೇಕೆಂದು ತೋರಿಸಿದೆ. ದಿನಾ ಶಾಲೆ ಬಿಟ್ಟ ಮೇಲೆ ಬರೆದಳು. ದೀಪಾವಳಿಯ ಹೊತ್ತಿಗೆ ಅವಳ ಕೈ ನನ್ನ ಕೈಗಿಂತ ಮೃದುವಾಗಿ ಓಡುತ್ತಿತ್ತು.

ಹೇಳಿದಂತೆ ಸುಮನ ಬಂದಳು. ಸಾರಿಕಾ ತನ್ನ ಹೆಸರು ಬರೆದು, ಪಕ್ಕದಲ್ಲಿ ತಾಯಿಯ ಹೆಸರು ಬರೆದಳು. ಎರಡೂ ಹೆಸರು, ನಡುವೆ ಪೆನ್ನು ಎತ್ತದ ಬಳ್ಳಿಯಂತೆ. ಆಮೇಲೆ ಅಭ್ಯಾಸಬಲದಿಂದ ಮೇಲೊಂದು ಗೆರೆ ಎಳೆದುಬಿಟ್ಟಳು.

ಸುಮನಳಿಗೆ ಓದಲು ಬಾರದು. ಆದರೆ ಆ ಗೆರೆ ಗೊತ್ತಿತ್ತು. ಅದರ ಗುಂಟ ಬೆರಳು ಸವರಿದಳು. "ನಮ್ಮಕ್ಕನ ಕೈ ಇದು" ಎಂದಳು. ಗೆದ್ದೆವು ಎಂದುಕೊಂಡೆ.

ಸೆರಗಿನಿಂದ ಕಣ್ಣೊರೆಸಿಕೊಂಡು ಅವಳು ನನ್ನ ಕಡೆ ತಿರುಗಿದಳು. "ಅಕಿನೂ ಹಿಂಗ ಕೂಡಿಸೇ ಬರೀತಿದ್ಲರಿ. ಹತ್ತನೇ ಪಾಸಾಗಿದ್ಲು. ಕಬ್ಬಿನಾಗ ಹೋಗೂದು ತಪ್ಪಿತೇನ್ರಿ?"

ನಾನು ವಹಿ ಮುಚ್ಚಿ ಸಾರಿಕಾಳ ಕೈಗೆ ಕೊಟ್ಟೆ.

"ನೀವು ಮಾತು ಉಳಿಸ್ಕೊಂಡ್ರಿ. ನನಗಾಗಂಗಿಲ್ಲ" ಎಂದಳು.

ರಜೆ ಮುಗಿದ ಮೇಲೆ ಸಾರಿಕಾ ಬರಲಿಲ್ಲ. ಮುಖ್ಯಗುರುಗಳನ್ನು ಕರೆದುಕೊಂಡು ನಿಪ್ಪಾಣಿಗೆ ಹೋದೆ. ಕಂಕುಳಲ್ಲಿ ಕೂಸು ಎತ್ತಿಕೊಂಡು ಬಾಗಿಲಿಗೆ ಬಂದ ಸಾರಿಕಾ, "ಚಹಾ ಮಾಡ್ಲೇನ್ರಿ ಟೀಚರ್?" ಎಂದಳು. ಮನೆಯವರು ಒಪ್ಪಲಿಲ್ಲ. ನಾವು ಚಹಾ ಕುಡಿದು ತಿರುಗಿ ಬಂದೆವು.

ಓದಿದರೆ ಬದುಕು ಬದಲಾಗುತ್ತದೆ ಎಂದು ಮಕ್ಕಳ ಮುಂದೆ ನನ್ನನ್ನೇ ಸಾಕ್ಷಿ ನಿಲ್ಲಿಸುತ್ತ ಬಂದವಳು ನಾನು. ಶೋಭಾಳೂ ಓದಿದವಳೇ, ಅವಳೂ ಸಾಕ್ಷಿಯೇ ಎಂಬುದನ್ನು ಈ ಕೆಲಸ ನನಗೆ ಕಲಿಸಿತು.

ಈಗ ಶನಿವಾರಕ್ಕೊಮ್ಮೆ ಕೂಡಿಸಿ ಬರೆಯುವುದನ್ನು ಕಲಿಸುತ್ತೇನೆ. ಯಾರೂ ಕೇಳಿಲ್ಲ, ಅಂಕವೂ ಇಲ್ಲ. ಮರಾಠಿ ಮನೆಯ ಮಕ್ಕಳು ಒಬ್ಬಿಬ್ಬರು ಇಂಗ್ಲಿಷಿನ ಮೇಲೂ ಗೆರೆ ಎಳೆದುಬಿಡುತ್ತಾರೆ. ನನ್ನ ಕೆಂಪು ಪೆನ್ನು ಅಲ್ಲಿಗೆ ಹೋಗುವುದಿಲ್ಲ.