ಅರ್ಧ ಲೀಟರ್ ನೀರು ಮತ್ತು ನನ್ನ ಎಂಎಸ್ಸಿ

ಅಪ್ಪನ ಪ್ರಾಸ್ಟೇಟ್ ಕ್ಯಾನ್ಸರಿಗೆ ಐದೇ ಸಲ, ಆದರೆ ಜೋರು ಡೋಸಿನಲ್ಲಿ, ವಿಕಿರಣ ಕೊಡುವುದೆಂದು ನಿಶ್ಚಯವಾಗಿತ್ತು. ಎರಡು ಸಾವಿರದ ಒಂಬತ್ತು ಇರಬೇಕು. ಎಂಟು ಅನ್ನುತ್ತಾಳೆ ಅಮ್ಮ, ಅವಳ ಮಾತೇ ಸರಿ ಇದ್ದೀತು. ಯಂತ್ರ ಕೂದಲೆಳೆಯಷ್ಟೂ ಗುರಿ ತಪ್ಪುವುದಿಲ್ಲವಂತೆ. ಪಕ್ಕದ ಕರುಳನ್ನು ಕಾಯುವ ಕೆಲಸವನ್ನು ಮಾತ್ರ ಅರ್ಧ ಲೀಟರ್ ನೀರಿಗೆ ವಹಿಸಿದ್ದರು: ಒಂದು ಗಂಟೆ ಮುಂಚೆ ಕುಡಿಯಬೇಕು, ಚಿಕಿತ್ಸೆ ಮುಗಿಯುವತನಕ ಮೂತ್ರ ತಡೆದುಕೊಂಡಿರಬೇಕು. ಮಹದೇವಪುರದಿಂದ ಆಟೋದಲ್ಲಿ ಆಸ್ಪತ್ರೆಗೆ ಬರುತ್ತಿದ್ದ ನಾವು ಹಲಸೂರು ಕೆರೆ ಕಂಡ ಕೂಡಲೇ ಬಾಟಲಿ ಬಿಚ್ಚುತ್ತಿದ್ದೆವು.

ಮೂರನೆಯ ದಿನ ಯಂತ್ರ ಕೈಕೊಟ್ಟು ತಡವಾಯಿತು. ಬೆಂಚಿನ ಮೇಲೆ ಅಪ್ಪ ಕಾಲಿಗೆ ಕಾಲು ಹೆಣೆದುಕೊಂಡು ಬೆವರುತ್ತಿದ್ದರು. ನಾನು ಭೌತಶಾಸ್ತ್ರ ಓದಿದವನು. ಮೂತ್ರದ ಚೀಲ ದೊಡ್ಡದಾದಷ್ಟೂ ಕಿರಣಕ್ಕೆ ಸಿಕ್ಕುವುದು ಹೆಚ್ಚು, ಇಷ್ಟೂ ತಿಳಿಯದ ಆಸ್ಪತ್ರೆ!

"ಹೋಗ್ಬಿಟ್ಟು ಬಾರಪ್ಪ. ಇವರು ಯಾರೋ ಬರೆದಿದ್ದನ್ನ ಓದಿ ಹೇಳ್ತಾರೆ ಅಷ್ಟೇ," ಅಂದೆ. ಅಪ್ಪ ಶೌಚಾಲಯಕ್ಕೆ ಹೋಗಿಬಂದರು.

ಕಿರಣ ಬಿಡುವ ಮುಂಚೆ ಪ್ರತಿಸಲವೂ ಒಳಗಿನ ಚಿತ್ರ ತೆಗೆಯುತ್ತಿದ್ದರು. ಅದನ್ನು ನೋಡಿದ ತಂತ್ರಜ್ಞೆ ಅಪ್ಪನನ್ನು ಮೇಜಿನಿಂದ ಇಳಿಸಿ, ಹೊರಗೆ ಕರೆತಂದಳು.

"ತುಂಬಿದ ಬ್ಲಾಡರ್ ಕರುಳನ್ನ ಮೇಲಕ್ಕೆ ತಳ್ಳಿ ಹಿಡ್ಕೊಂಡಿರುತ್ತೆ ಸರ್. ಈಗ ಕರುಳು ಕಿರಣದ ದಾರೀಲೇ ಬಂದು ಕೂತಿದೆ. ಈ ಡೋಸ್ ಬಿದ್ರೆ ತೂತಾಗ್ಬಹುದು. ಹೋಗಿ ಅಂತ ಯಾರು ಹೇಳಿದ್ದು?"

"ನಾನೇ ಹೋದೆ ಕಣಮ್ಮ," ಅಂದರು ಅಪ್ಪ. "ಮಗ ಬೇಡ ಅಂದ. ತಡ್ಕೊಳ್ಳೋಕಾಗ್ಲಿಲ್ಲ."

ಅವಳು ಅಪ್ಪನಿಗೆ ಚೆನ್ನಾಗಿ ಬೈದಳು. 'ಎಷ್ಟು ಹೇಳಿದರೂ ಕೇಳೋದಿಲ್ಲ' ಎಂದು ನಾನೂ ದನಿಗೂಡಿಸಿದೆನೋ, ಸುಮ್ಮನೆ ನಿಂತಿದ್ದೆನೋ, ಈಗ ನೆನಪಿಲ್ಲ. ಸುಮ್ಮನೆ ನಿಂತಿದ್ದೆ ಎಂದು ಕೆಲವರಿಗೆ ಹೇಳಿದ್ದೇನೆ. ಹೇಳಿ ಹೇಳಿ ಅದೇ ನಿಜವೆನಿಸತೊಡಗಿದೆ. ನನ್ನ ನೆನಪು ನನಗೆ ಬಹಳ ಅನುಕೂಲಕರವಾಗಿ ನಡೆದುಕೊಳ್ಳುತ್ತದೆ.

ಮತ್ತೆ ಅರ್ಧ ಲೀಟರ್, ಮತ್ತೆ ಒಂದು ಗಂಟೆ. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಅಪ್ಪ ಮುಖ ಕಿವುಚತೊಡಗಿದರು. ತುಂಬಾ ಕಷ್ಟವಾಗ್ತಿದೆಯಾ ಎಂದು ಕೇಳಿದೆ.

"ನೀನು ಶಿವಾಜಿನಗರದ ಕಡೆ ಹೋಗಿ ಒಂದ್ ಟೀ ಕುಡ್ಕೊಂಡ್ ಬಾ," ಅಂದರು. "ಇಲ್ಲೇ ಇದ್ರೆ ನಿಂಗೆ ಇನ್ನೇನಾದ್ರೂ ಹೊಳೀತದೆ."

ಹೋದೆ. ಎರಡು ಟೀ ಕುಡಿದೆ. ವಾಪಸು ಬರುವ ಹೊತ್ತಿಗೆ ಬಾಗಿಲ ಮೇಲಿನ ಕೆಂಪು ದೀಪ ಹತ್ತಿತ್ತು. ಕರುಳು ಮೇಲೆ ಹೋಗಿದೆ, ಶುರುಮಾಡಿದ್ದೇವೆ ಎಂದಳು ತಂತ್ರಜ್ಞೆ.