ಎರಡನೇ ಮಣೆ

ಊರಿನಲ್ಲಿ ನಾನೂ ಅಕ್ಕನೂ ಬೀಸುತ್ತಿದ್ದಂಥದ್ದೇ ರಾಗಿಕಲ್ಲನ್ನು ಮುಂಬೈಯ ಮ್ಯೂಸಿಯಮ್ಮೊಂದರ ಗಾಜಿನ ಪೆಟ್ಟಿಗೆಯೊಳಗೆ ಕಂಡಾಗ ನಿಂತಲ್ಲೇ ನಿಂತುಬಿಟ್ಟೆ. ಮೇಲೆ ದೀಪ, ಪಕ್ಕದಲ್ಲಿ ‘ಮುಟ್ಟಬೇಡಿ’ ಎಂಬ ಫಲಕ. ಗಂಡನ ಕೆಲಸದ ಹಿಂದೆ ಮಂಡ್ಯ ಬಿಟ್ಟು ಬಂದ ನನಗೆ ಕೊನೆಗೂ ಸಿಕ್ಕಿದ್ದು ಆ ಮ್ಯೂಸಿಯಮ್ಮಿನಲ್ಲಿ ವಸ್ತುಗಳನ್ನು ಜೋಡಿಸಿಡುವ ಕೆಲಸ.

ಜನ ಬರುತ್ತಿದ್ದರು, ಫಲಕ ಓದಿ, ಫೋಟೊ ತೆಗೆದು ಮುಂದಕ್ಕೆ ಹೋಗುತ್ತಿದ್ದರು. ಒಬ್ಬರೂ ತುಟಿ ಬಿಚ್ಚುತ್ತಿರಲಿಲ್ಲ. ಭಾಂಡುಪಿನ ನಮ್ಮ ಬಿಲ್ಡಿಂಗಿನಲ್ಲೂ ಹಾಗೆಯೇ, ಬಾಗಿಲು ಮುಚ್ಚಿದರೆ ಮುಗಿಯಿತು. ಇಲ್ಲೇ ಬೆಳೆದ ಮಗಳು ಅನನ್ಯ, ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಹಿಂದಿಯಲ್ಲೇ ಉತ್ತರ ಕೊಡುತ್ತಾಳೆ. ಅವಳಾಗಿಯೇ ಒಂದು ಮಾತನ್ನು ಕನ್ನಡದಲ್ಲಿ ಕೇಳಲಿ ಎಂದು ಎಷ್ಟು ಹಂಬಲಿಸಿದ್ದೇನೆ! ಊರಿನಲ್ಲಿ ನನ್ನ ಮದುವೆಯ ಸುದ್ದಿ ನನಗೆ ತಿಳಿದದ್ದೇ ಕಲ್ಲಿನ ಮುಂದೆ, ಅಕ್ಕನ ಬಾಯಿಂದ. ಈಗ ಫೋನಿನಲ್ಲಿ ‘ಊಟ ಆಯ್ತಾ’ ಮುಗಿದ ಮೇಲೆ ಅಕ್ಕನಿಗೂ ನನಗೂ ಮಾತಿಲ್ಲ.

ಮುಟ್ಟಿದರಾದರೂ ಮಾತು ಹುಟ್ಟೀತೆಂದು ಮೇಲಧಿಕಾರಿಯನ್ನು ಕಾಡಿ ಬೇಡಿ, ಮುಟ್ಟುವುದಕ್ಕೆಂದೇ ಬೇರೊಂದು ಕಲ್ಲು ತರಿಸಿದೆ. ಎತ್ತರದ ಮೇಜಿನ ಮೇಲಿಟ್ಟು ಮುಂದೊಂದು ಸ್ಟೂಲ್ ಹಾಕಿದೆ. ಬಂದವರು ಎರಡು ಸುತ್ತು ತಿರುಗಿಸಿ ಸುಮ್ಮನೆ ಎದ್ದುಹೋದರು. ಒಂದು ಮಧ್ಯಾಹ್ನ ಜೋಗೇಶ್ವರಿಯಿಂದ ಬಂದ ಮರಾಠಿ ಅಜ್ಜಿಯೊಬ್ಬರು ಅದನ್ನು ನೋಡಿ ನಕ್ಕೇಬಿಟ್ಟರು.

“ಅಗಂ ಬಾಯಿ, ಜಾತ್ಯಾವರ್ ಕೋಣೀ ಏಕಟಂ ಬಸತಂ ಕಾ?”

ಜಾತೆ ಎಂದರೆ ಬೀಸುವ ಕಲ್ಲು. ಅದರ ಮುಂದೆ ಯಾರಾದರೂ ಒಂಟಿಯಾಗಿ ಕೂರುತ್ತಾರೆಯೇ ಎಂದು ಅವರು ಕೇಳಿದ್ದು. ನನಗೆ ನಾಚಿಕೆಯಾಯಿತು. ಅಕ್ಕನ ಎದುರು ಕೂತು ಬೀಸಿದವಳು ನಾನೇ, ಮರೆತವಳೂ ನಾನೇ.

ಮರುದಿನ ಕಲ್ಲನ್ನು ನೆಲಕ್ಕಿಳಿಸಿ ಎದುರುಬದುರು ಎರಡು ಮಣೆ ಹಾಕಿದೆ. ಗುರುತಿಲ್ಲದವರೂ ಕೂತು ಜೋಳ, ಅಕ್ಕಿ, ಅತ್ತೆ, ತವರು ಎಂದು ಮಾತು ಶುರುಮಾಡಿದರು. ಫಲಕ ಓದುವವರೇ ಕಡಿಮೆಯಾದರು.

ಭಾನುವಾರ ಅನನ್ಯಳನ್ನು ಕರೆದುಕೊಂಡು ಹೋದೆ. ಒಂದೇ ಗೂಟವನ್ನು ಇಬ್ಬರೂ ಹಿಡಿದೆವು. ನಾಲ್ಕು ಸುತ್ತಾದ ಮೇಲೆ ಅವಳು ತಡವರಿಸುತ್ತ ಕೇಳಿದಳು:

“ಅಮ್ಮಾ, ಊರಲ್ಲಿ... ನಿನ್ನ ಸಾಮ್ನೆ ಯಾರು ಕೂತ್ಕೋತಿದ್ರು?”

“ನನ್ನ ಎದುರಿಗೆ ನಿನ್ನ ದೊಡ್ಡಮ್ಮ ಕಣೇ.”

“ಈಗ ದೊಡ್ಡಮ್ಮನ ಸಾಮ್ನೆ?”

“ಯಾರೂ ಇಲ್ಲ ಮಗಳೇ.”

“ಚಲೋ, ನಾವು ಹೋಗೋಣ.” ನನ್ನ ಕಣ್ಣು ತುಂಬಿದ್ದನ್ನು ಅವಳು ನೋಡಲಿಲ್ಲ. ಕಲ್ಲನ್ನೇ ನೋಡುತ್ತ ಕೈ ನಿಲ್ಲಿಸಿದಳು. “ಲೇಕಿನ್ ಅಮ್ಮಾ, ಆಮೇಲೆ ಇಲ್ಲಿ ಯಾರು ಕೂತ್ಕೋತಾರೆ?”

ನಾನು ಗೂಟವನ್ನು ಬಿಡಲಿಲ್ಲ.